ಚಾರ್ಜರಣ್ಣ ಊರಿಗೆಲ್ಲ ಕೂಗು ಹಾಕಿದ್ದು

ನಮ್ಮ ಬೀದಿಯಲ್ಲಿ ಮೊಬೈಲ್ ಫೋನಿನ ಬಗ್ಗೆ ಏನೂ ಗೊತ್ತಿಲ್ಲದವರು ಬೇಕಾದಷ್ಟು ಜನ ಇದ್ದರು. ಆದರೆ ಏನೂ ಗೊತ್ತಿಲ್ಲದೆ ಅದನ್ನೇ ಕಸುಬು ಮಾಡಿಕೊಂಡವನು ಚಾರ್ಜರಣ್ಣ ಒಬ್ಬನೇ.

ಇದು ಅವನನ್ನು ಹೀಗಳೆಯುವ ಮಾತಲ್ಲ. ಫೋನಿನ ಮೇಲೆ ಗಾಜು ಅಂಟಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ನಿದ್ದೆ ಹೋದ ಮಗುವಿಗೆ ಹೊದಿಕೆ ಹೊದಿಸುವವನಂತೆ ಉಸಿರು ಬಿಗಿಹಿಡಿದು, ಬಲಗೈ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದನೆಂದರೆ ಒಂದು ಗುಳ್ಳೆ ಏಳುತ್ತಿರಲಿಲ್ಲ. ಕವರು, ಚಾರ್ಜರು ಮಾರುತ್ತಿದ್ದ, ಬ್ಯಾಟರಿ ಬದಲಾಯಿಸಿಕೊಡುತ್ತಿದ್ದ. ಅದರಾಚೆಗೆ ಫೋನಿನ ಹೊಟ್ಟೆಯೊಳಗೆ ಏನು ನಡೆಯುತ್ತದೆಂಬುದು ಅವನಿಗೂ ನಮ್ಮಷ್ಟೇ ಗೊತ್ತಿತ್ತು. ತೊಂದರೆ ಏನೆಂದರೆ, 'ಗೊತ್ತಿಲ್ಲ' ಎಂಬ ಪದ ಅವನ ಬಾಯಿಂದ ಹೊರಡುತ್ತಿರಲಿಲ್ಲ. "ನೆಟ್‌ವರ್ಕ್ ಯಾಕಣ್ಣ ಸಿಗ್ತಿಲ್ಲ?" ಎಂದು ಯಾರಾದರೂ ಕೇಳಿದರೆ ಅಂಗಡಿಯಿಂದ ಹೊರಗೆ ಬಂದು, ಕಣ್ಣು ಕಿರಿದು ಮಾಡಿ ಆಕಾಶ ನೋಡಿ, "ಮೇಲ್ಗಡೆ ಸ್ವಲ್ಪ ಜಾಮ್ ಆಗಿದೆ" ಎನ್ನುತ್ತಿದ್ದ. ಕೇಳಿದವರೂ ಆಕಾಶ ನೋಡಿ, ಹೌದೆಂದು ತಲೆಯಾಡಿಸಿ ಹೋಗುತ್ತಿದ್ದರು.

ಅಂಗಡಿಯ ಅರ್ಧ ಅವನದು, ಇನ್ನರ್ಧ ಅವನ ಹೆಂಡತಿಯ ಹೊಲಿಗೆ ಯಂತ್ರದ್ದು. ಬೀದಿಯ ತಗ್ಗಿನ ತುದಿಯಲ್ಲಿ, ಕಾಲುವೆಗೆ ಬೆನ್ನು ಮಾಡಿಕೊಂಡು ಆ ಅಂಗಡಿ ನಿಂತಿತ್ತು. ಎದುರಿಗೆ ಕ್ಷೌರದಂಗಡಿ. ಬೀದಿಯ ಇನ್ನೊಂದು ತುದಿ ದಿಬ್ಬ ಹತ್ತಿ ನೀರಿನ ಟ್ಯಾಂಕಿನ ಮೈದಾನ ಸೇರುತ್ತದೆ.

ಅವತ್ತು ನಾನು ಕ್ಷೌರದಂಗಡಿಯ ಕುರ್ಚಿಯಲ್ಲಿ, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ನೊರೆಯಲ್ಲಿ, ಕತ್ತು ಹಿಂದಕ್ಕೆ ಹಾಕಿ ಕೂತಿದ್ದೆ. ಎದುರಂಗಡಿಗೆ ದೊಡ್ಡ ಮಿಸ್ಸು ಬಂದದ್ದು ಕನ್ನಡಿಯಲ್ಲಿ ಕಂಡಿತು. ದೊಡ್ಡ ಮಿಸ್ಸು ಎಂದರೆ ನಿವೃತ್ತ ಹೆಡ್‌ಮಿಸ್ಸು. ನಮ್ಮ ಬೀದಿಯಲ್ಲಿ ಅವರಿಂದ ಕಿವಿ ಹಿಂಡಿಸಿಕೊಳ್ಳದವರು ಹೊರಗಿನಿಂದ ಬಂದವರು ಮಾತ್ರ.

"ನೋಡಪ್ಪ, ಈ ಫೋನು ಬಾಯೇ ಬಿಡ್ತಿಲ್ಲ. ಯಾರು ಕರೆ ಮಾಡಿದ್ರೂ ಗೊತ್ತಾಗಲ್ಲ. ಸ್ವಲ್ಪ ಜೋರು ಮಾಡಿಕೊಡು" ಎಂದರು ಮಿಸ್ಸು.

"ಎಷ್ಟು ಜೋರು ಬೇಕು ಮಿಸ್?"

"ಅಡುಗೆಮನೆಗೆ ಕೇಳಿಸಿದ್ರೆ ಸಾಕು."

ಚಾರ್ಜರಣ್ಣ ಫೋನನ್ನು ತಿರುಗಿಸಿ ಮುರುಗಿಸಿ ನೋಡಿದ. ಅಲ್ಲಿ ಒತ್ತಿದ, ಇಲ್ಲಿ ಎಳೆದ. ಕೊನೆಗೆ ಕಣ್ಣು ಮುಚ್ಚಿ, ಕಂಡದ್ದೊಂದನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ, "ಈಗ ಕೇಳಿ ಮಿಸ್!" ಎಂದ.

ಅಷ್ಟೇ. ಮಿಸ್ಸಿನ ಫೋನು ಅರಚಿತು. ಅದರ ಜೊತೆಗೆ ನನ್ನ ಜೇಬಿನ ಫೋನು ಅರಚಿತು. ಕ್ಷೌರಿಕನ ಕನ್ನಡಿಯ ಮುಂದಿದ್ದದ್ದು, ಚಾರ್ಜರಣ್ಣನ ಹೆಂಡತಿಯ ಯಂತ್ರದ ಖಾನೆಯಲ್ಲಿದ್ದದ್ದು, ಮಹಡಿಯ ಮೇಲಿನ ಮನೆಯವರದು, ಬೀದಿಯ ಬದಿಯಲ್ಲಿ ನಿಂತಿದ್ದ ಬಸ್ಸಿನೊಳಗೆ ಇದ್ದವರೆಲ್ಲರದು, ಒಂದೇ ದನಿಯಲ್ಲಿ, ಒಂದೇ ಉಸಿರಿನಲ್ಲಿ ಅರಚಿದವು. ಅದು ಯಾರ ರಿಂಗ್‌ಟೋನೂ ಅಲ್ಲ, ಅಲ್ಲಿಯವರೆಗೆ ಯಾರೂ ಕೇಳಿರದ ಸದ್ದು. ಊರಿಗೆ ಊರೇ ಒಂದು ಗಂಟಲಾಗಿ ಕೂಗಿದಂತಿತ್ತು. ಸೂರಿನ ಪಾರಿವಾಳಗಳು ಒಟ್ಟಿಗೆ ಎದ್ದು ಹಾರಿದವು. ಕ್ಷೌರಿಕ ಎಗರಿದ. ಪುಣ್ಯಕ್ಕೆ ಅವನು ಹಿಂದಕ್ಕೆ ಎಗರಿದ್ದರಿಂದ ನನ್ನ ಕಿವಿ ನನ್ನ ಬಳಿಯೇ ಉಳಿಯಿತು.

ಆಮೇಲೆ ಎಲ್ಲವೂ ಒಟ್ಟಿಗೆ ಸುಮ್ಮನಾದವು. ಆ ಮೌನದಲ್ಲಿ ದೊಡ್ಡ ಮಿಸ್ಸಿನ ದನಿ ಸ್ಪಷ್ಟವಾಗಿ ಕೇಳಿಸಿತು.

"ಇಷ್ಟು ಜೋರು ಬೇಡಪ್ಪ."

ಅವರು ಫೋನನ್ನು ಚೇಳು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಬೀದಿಯ ಜನವೆಲ್ಲ ಚಾರ್ಜರಣ್ಣನ ಅಂಗಡಿಯ ಮುಂದೆ ಸೇರಿದರು. ಕೆನ್ನೆಯ ನೊರೆ ಸಮೇತ ನಾನೂ ಹೋದೆ. ಚಾರ್ಜರಣ್ಣ ಕಾಣಲಿಲ್ಲ. ಮೇಜಿನ ಕೆಳಗೆ ಅವನ ಕಾಲು ಮಾತ್ರ ಕಾಣುತ್ತಿತ್ತು.

ಕ್ಷೌರಿಕ ತನ್ನ ಫೋನಿನಲ್ಲಿ ಮೂಡಿದ್ದನ್ನು ಗಟ್ಟಿಯಾಗಿ ಓದಿದ. "'ಇದು ಪರೀಕ್ಷಾರ್ಥ ಸಂದೇಶ.' ನೋಡಿದ್ರಾ? ಪರೀಕ್ಷೆ! ಮಿಸ್ಸಿನ ಫೋನಿಂದಾನೇ ಹೋಗಿರೋದು. ನಮ್ಮ ಬೀದೀಲಿ ಬೇರೆ ಯಾರಪ್ಪ ಪರೀಕ್ಷೆ ಮಾತಾಡ್ತಾರೆ?"

ಈ ತರ್ಕಕ್ಕೆ ಎದುರಾಡುವವರು ಅಲ್ಲಿ ಯಾರೂ ಇರಲಿಲ್ಲ.

"'ಸಾರ್ವಜನಿಕರು ಯಾವುದೇ ಕ್ರಮ ಕೈಗೊಳ್ಳುವ ಅಗತ್ಯವಿಲ್ಲ'" ಎಂದು ಕ್ಷೌರಿಕ ಮುಂದೆ ಓದಿದ.

ಮೇಜಿನ ಕೆಳಗಿಂದ ತಲೆ ಹೊರಬಂತು. "ಕ್ರಮ ಇಲ್ವಂತಾ? ಸರಿಯಾಗಿ ನೋಡು."

"ಯಾವುದೇ ಕ್ರಮ ಅಗತ್ಯವಿಲ್ಲ ಅಂತಲೇ ಇದೆ ಅಣ್ಣ."

"ಅಬ್ಬ! ಸರ್ಕಾರದ್ದು ದೊಡ್ಡ ಮನಸ್ಸು" ಎಂದು ಚಾರ್ಜರಣ್ಣ ಎದ್ದು ಮೊಣಕಾಲಿನ ಧೂಳು ಕೊಡವಿದ.

"ನೀವು ಒತ್ತಿದ್ರೆ ನಮ್ಮನೆ ಫ್ಯಾನೇ ತಿರುಗಲ್ಲ. ಊರ ಫೋನೆಲ್ಲ ಕೂಗುತ್ತಾ?" ಎಂದು ಹೆಂಡತಿ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಲ್ಲಿಗೇ ಮುಗಿದಿದ್ದರೆ ಇದು ಕಥೆಯಾಗುತ್ತಿರಲಿಲ್ಲ. ಆದರೆ ಕೆಲವು ದಿನಗಳಾದ ಮೇಲೆ, ಹೆಗಲಿಗೆ ಚೀಲ ನೇತುಹಾಕಿಕೊಂಡ ಅಧಿಕಾರಿಯೊಬ್ಬರು ಬೀದಿಗೆ ಬಂದರು. ವಿಪತ್ತು ನಿರ್ವಹಣೆಯ ಇಲಾಖೆಯವರು. ಮೊಬೈಲ್ ಟವರುಗಳ ಮೂಲಕ ಜನರಿಗೆ ಒಮ್ಮೆಲೇ ಎಚ್ಚರಿಕೆ ಕಳಿಸುವ ಹೊಸ ಏರ್ಪಾಡನ್ನು ಇಲಾಖೆ ಪರೀಕ್ಷಿಸಿ ನೋಡಿತ್ತು. ಸದ್ದು ಎಲ್ಲೆಲ್ಲಿ ಹೇಗೆ ಕೇಳಿಸಿತೆಂದು ವಿಚಾರಿಸಲು ಅವರು ಊರೂರು ಸುತ್ತುತ್ತಿದ್ದರು. ಫೋನಿನ ಅಂಗಡಿ ಕಂಡದ್ದೇ ಒಳಗೆ ನುಗ್ಗಿ, ಒಳ್ಳೆಯ ಮನುಷ್ಯರು, ಪೀಠಿಕೆ ಇಲ್ಲದೆ ಶುರು ಮಾಡಿದರು.

"ಮೊನ್ನೆ ಎಲ್ಲ ಫೋನೂ ಕೂಗಿಕೊಂಡವಲ್ಲ, ಅದನ್ನ ವಿಚಾರಿಸೋಕೆ ಬಂದೆ."

ಚಾರ್ಜರಣ್ಣ ಎದ್ದು ಕೈ ಮುಗಿದ. "ಸಾರ್, ಬೇಕು ಅಂತ ಆಗಿದ್ದಲ್ಲ. ಅಡುಗೆಮನೆವರೆಗೆ ಅಂತಷ್ಟೇ ಮಾತಾಗಿದ್ದು."

"ಅಡುಗೆಮನೆಗೂ ಕೇಳಿಸ್ತಾ?" ಅಧಿಕಾರಿ ಮುಖ ಅರಳಿಸಿದರು.

"ಊರಿಗೇ ಕೇಳಿಸ್ತು ಸಾರ್."

"ಬಹಳ ಸಂತೋಷ! ನಮಗೆ ಬೇಕಾಗಿದ್ದೇ ಅದು. ಜನ ಬೆಚ್ಚಿಬಿದ್ರಾ?"

"ನಾನೇ ಮೇಜಿನ ಕೆಳಗಿದ್ದೆ ಸಾರ್."

"ಭೇಷ್! ಇನ್ನೂ ಸ್ವಲ್ಪ ಜೋರಾಗಿದ್ರೆ ಒಳ್ಳೇದಿತ್ತಾ?"

"ಇನ್ನೂನಾ?"

"ಮುಂದೆಯೂ ಇದು ಇರುತ್ತೆ. ನಿಮ್ಮಂಥವರ ಸಹಕಾರ ಬೇಕು" ಎಂದು ಅಧಿಕಾರಿ ಅವನ ಕೈ ಹಿಡಿದು ಕುಲುಕಿ, ಮುಂದಿನ ಬೀದಿಗೆ ನಡೆದರು.

ಚಾರ್ಜರಣ್ಣ ಕುಲುಕಿಸಿಕೊಂಡ ಕೈಯನ್ನು ಕಣ್ಣೆದುರು ಹಿಡಿದು ನೋಡಿದ. ಅದರಲ್ಲೂ ಹೆಬ್ಬೆರಳನ್ನು ಬಹಳ ಹೊತ್ತು ನೋಡಿದ. ಇಷ್ಟು ದಿನ ತನ್ನ ಜೊತೆಯಲ್ಲೇ ಇದ್ದು, ತನ್ನ ಜೊತೆಯಲ್ಲೇ ಉಂಡು, ಇಂಥ ಶಕ್ತಿ ಬಚ್ಚಿಟ್ಟುಕೊಂಡಿತ್ತಲ್ಲ ಎಂಬ ಬೆರಗು ಅವನ ಮುಖದಲ್ಲಿತ್ತು.

ಮರುದಿನದಿಂದ ಆ ಹೆಬ್ಬೆರಳು ಬೇರೆ ಕೆಲಸ ಬಿಟ್ಟಿತು. ಮೆತ್ತನೆಯ ಬಟ್ಟೆಯೊಂದನ್ನು ಅದಕ್ಕೆ ಸುತ್ತಿದ. ಗಾಜು ಅಂಟಿಸುವುದನ್ನು ಎಡಗೈಗೆ ವಹಿಸಿದ್ದರಿಂದ ಬೀದಿಯ ಫೋನುಗಳ ಮೇಲೆಲ್ಲ ಗುಳ್ಳೆ ಎದ್ದವು. ಯಾರೂ ದೂರಲಿಲ್ಲ. ಅಂಥ ಮನುಷ್ಯ ಎಡಗೈಯಲ್ಲಿ ಅಂಟಿಸಿಕೊಟ್ಟದ್ದೇ ಹೆಚ್ಚು ಎಂದುಕೊಂಡರು.

"ಆ ಬೆರಳಿಗೆ ಬೇರೆ ತಟ್ಟೇಲಿ ಬಡಿಸಲಾ?" ಎಂದು ಹೆಂಡತಿ ಊಟಕ್ಕೆ ಕೂತಾಗ ಕೇಳಿದಳು.

ಅವಳ ತಮ್ಮ, ಅಂದರೆ ಚಾರ್ಜರಣ್ಣನ ಭಾವಮೈದ, ವ್ಯವಹಾರ ಬಲ್ಲವನು. ಅವನು ಅಂಗಡಿಗೆ ಹೊಸ ಬೋರ್ಡು ಬರೆಸಿ ತಂದ. 'ಇಲ್ಲಿ ಊರಿನ ಸಮಸ್ತ ಫೋನುಗಳಿಗೆ ಏಕಕಾಲದಲ್ಲಿ ಕೂಗು ಹಾಕಿಕೊಡಲಾಗುವುದು.' ಬೋರ್ಡು ಏರಿದ್ದೇ ತಡ, ಜನ ಸಾಲುಗಟ್ಟಿದರು. ಒಬ್ಬಾಕೆಯ ಬೆಕ್ಕು ಕಾಣೆಯಾಗಿತ್ತು. ಮಹಡಿಯ ಮನೆಯೊಡೆಯನಿಗೆ ಬಾಡಿಗೆದಾರರು ಬೇಕಿತ್ತು. ಕ್ಷೌರಿಕನಿಗೆ ತನ್ನ ಹೊಸ ಕುರ್ಚಿಯ ವಿಷಯ ಊರಿಗೆ ತಿಳಿಯಬೇಕಿತ್ತು.

"ಆಗಲ್ಲ" ಎಂದ ಚಾರ್ಜರಣ್ಣ.

"ಯಾಕಣ್ಣ? ಒಂದ್ಸಲ ಒತ್ತೋದು ತಾನೆ?"

"ಇದು ಈಗ ಸರ್ಕಾರಿ ಬೆರಳು. ಬೆಕ್ಕು, ಕುರ್ಚಿ ಅಂತ ಎತ್ತೋ ಹಾಗಿಲ್ಲ."

ಹೀಗೆ ನಿರಾಕರಿಸಿದಷ್ಟೂ ಅವನ ಗೌರವ ಏರಿತು. ಎದುರಿಗೆ ಬಂದವರು ಅವನ ಬಲಗಡೆ ಜಾಗ ಬಿಟ್ಟು ನಡೆಯತೊಡಗಿದರು. ಬೆರಳು ಎಲ್ಲಾದರೂ ತಗುಲಿಬಿಟ್ಟರೆ?

ಹೀಗಿರುವಾಗ, ಬಿಸಿಲು ಚುರುಗುಟ್ಟುತ್ತಿದ್ದ ಒಂದು ದಿನ, ದೊಡ್ಡ ಮಿಸ್ಸು ಮತ್ತೆ ಅದೇ ಫೋನು ತಂದರು. ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಬಾಯ್ತೆರೆದಿತ್ತು. "ಇದನ್ನ ಬದಲಾಯಿಸು. ಅದೊಂದು ಬಿಟ್ಟು ಬೇರೆ ಏನನ್ನೂ ಮುಟ್ಟಬೇಡ" ಎಂದು ಕಟ್ಟುನಿಟ್ಟಾಗಿ ಹೇಳಿ ತರಕಾರಿ ತರಲು ಹೋದರು. ಚಾರ್ಜರಣ್ಣ ಫೋನನ್ನು ಬಿಚ್ಚಿದ. ಹಳೆಯ ಬ್ಯಾಟರಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಹೊಸದಕ್ಕಾಗಿ ಖಾನೆ ಹುಡುಕುತ್ತಿದ್ದ.

ಆಗ ಬೀದಿ ಮತ್ತೆ ಅರಚಿತು.

ಅದೇ ಸದ್ದು. ಮನೆಮನೆಯಿಂದ, ಜೇಬುಜೇಬಿನಿಂದ, ಮಹಡಿಯಿಂದ, ಬಸ್ಸಿನಿಂದ. ಈ ಸಲ ಅದು ಬೇಗ ನಿಲ್ಲಲೂ ಇಲ್ಲ. ತೆರೆಯ ಮೇಲೆ ಮೂಡಿದ ಮಾತೂ ಬೇರೆ: 'ತುರ್ತು ಎಚ್ಚರಿಕೆ. ಮೇಲಿನ ಜಲಾಶಯದಿಂದ ಭಾರೀ ಪ್ರಮಾಣದ ನೀರು ಹೊರಬಂದಿದೆ. ನದಿ ಮತ್ತು ಕಾಲುವೆಗಳ ಬಳಿ ಇರುವವರು ಕೂಡಲೇ ಎತ್ತರದ ಸ್ಥಳಕ್ಕೆ ತೆರಳಿ.'

ಓದಿದ ತಕ್ಷಣ ನಮ್ಮ ಬೀದಿಯ ಜನ ಏನು ಮಾಡಬೇಕಿತ್ತು? ದಿಬ್ಬ ಹತ್ತಬೇಕಿತ್ತು. ಏನು ಮಾಡಿದರು? ದಿಬ್ಬದ ಬುಡದಲ್ಲಿದ್ದವರೂ ಸೇರಿ ಎಲ್ಲರೂ ಕೆಳಕ್ಕೆ ಓಡಿಬಂದು, ಊರಿನಲ್ಲೇ ಅತ್ಯಂತ ತಗ್ಗಿನ ಜಾಗವಾದ ಚಾರ್ಜರಣ್ಣನ ಅಂಗಡಿಯ ಮುಂದೆ, ಕಾಲುವೆಯ ದಂಡೆಯ ಮೇಲೆ, ಒತ್ತೊತ್ತಾಗಿ ನಿಂತು, ಎತ್ತರಕ್ಕೆ ಹೋಗಬೇಕೋ ಬೇಡವೋ ಎಂದು ಅವನನ್ನು ಕೇಳಿದರು.

"ಏನಣ್ಣ, ಕೈ ತಪ್ಪಿ ಒತ್ತಿಬಿಟ್ರಾ?" ಎಂದ ಕ್ಷೌರಿಕ.

"ಮೋಡದ ಚೂರೂ ಇಲ್ಲ. ನೀರು ಎಲ್ಲಿಂದ ಬರುತ್ತೆ?" ಎಂದ ಮಹಡಿಯ ಮನೆಯೊಡೆಯ.

"ಮಿಸ್ಸಿನ ಫೋನು ಅಲ್ಲೇ ಇದೆಯಲ್ಲ! ಅದೇ ಕೂಗಿಸಿರೋದು!" ಎಂದರು ಯಾರೋ. ಗುಂಪು ನಿರಾಳವಾಗಿ ನಕ್ಕಿತು.

ಚಾರ್ಜರಣ್ಣ ನಗಲಿಲ್ಲ. ಅವನು ಮೇಜಿನ ಮೇಲಿನ ಫೋನು ನೋಡಿದ. ಅಂಗೈಯ ಬ್ಯಾಟರಿ ನೋಡಿದ. ಮತ್ತೆ ಫೋನು ನೋಡಿದ. ಅದು ಬಾಯಿ ತೆರೆದುಕೊಂಡು, ಕಪ್ಪಗೆ, ಜೀವವಿಲ್ಲದೆ ಬಿದ್ದಿತ್ತು. ಹೆಬ್ಬೆರಳು ಬಟ್ಟೆಯೊಳಗೇ ಇತ್ತು.

"ನಾನಲ್ಲ" ಎಂದ ಮೆಲ್ಲಗೆ.

"ದೊಡ್ಡವರು ಹಾಗೇ ಹೇಳೋದು" ಎಂದ ಭಾವಮೈದ ಗುಂಪಿನ ಕಡೆ ತಿರುಗಿ.

"ನಾನಲ್ಲ ಕಣ್ರೋ! ಬ್ಯಾಟರಿ ನನ್ನ ಕೈಯಲ್ಲಿದೆ, ನೋಡಿ! ಸತ್ತ ಫೋನಿಂದ ಹ್ಯಾಗೋ ಕೂಗು ಹೋಗುತ್ತೆ? ಇದು ಬೇರೆ ಎಲ್ಲಿಂದಲೋ ಬಂದಿದೆ!"

"ನೀವಲ್ದೆ ಇದ್ರೆ ಮತ್ಯಾರು? ನೀವು ಕಳಿಸಿಲ್ಲ ಅಂದ್ಮೇಲೆ ಇದು ಸುಳ್ಳೇ ಇರಬೇಕು" ಎಂದ ಮನೆಯೊಡೆಯ. "ನೀವೇ ಕಳಿಸಿದ್ರೆ ವಾಪಸ್ ತಗೊಳ್ಳಿ, ಕೆಲಸ ಇದೆ ನಮಗೆ."

ಕಳಿಸಿದ್ದೇನೆ ಎಂದರೆ ವಾಪಸು ತೆಗೆದುಕೊಳ್ಳಬೇಕು, ಕಳಿಸಿಲ್ಲವೆಂದರೆ ಸುಳ್ಳು. ಚಾರ್ಜರಣ್ಣ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಆಮೇಲೆ ಬೆರಳಿನ ಬಟ್ಟೆ ಕಿತ್ತೆಸೆದು, ಕುರ್ಚಿಯ ಮೇಲೆ ಹತ್ತಿ ನಿಂತು, ಗಂಟಲು ಹರಿಯುವಂತೆ ಕೂಗಿದ.

"ನನಗೆ ಗೊತ್ತಿಲ್ಲ! ಫೋನಿನ ಬಗ್ಗೆ ನನಗೆ ಏನೇನೂ ಗೊತ್ತಿಲ್ಲ! ಅವತ್ತೂ ಗೊತ್ತಿರಲಿಲ್ಲ, ಇವತ್ತೂ ಗೊತ್ತಿಲ್ಲ! ಗಾಜು ಅಂಟಿಸೋದು ಗೊತ್ತು, ಅಷ್ಟೇ!"

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಎದ್ದು ನಿಂತಳು.

"ಕೇಳಿಸ್ಕೊಂಡ್ರಾ ಎಲ್ಲರೂ? ಈ ಮನುಷ್ಯ ನನಗೆ ಗೊತ್ತಿಲ್ಲ ಅಂದಿದ್ದು ಮದುವೆ ಆದ್ಮೇಲೆ ಇದೇ ಮೊದಲು. ಏನೋ ಭಾರೀ ಗಂಡಾಂತರ ಕಾದಿದೆ. ಏಳಿ, ಹೊರಡಿ!"

ಈ ಮಾತು ನಾಟಿತು. ಸರ್ಕಾರ ಹೇಳಿದ್ದನ್ನು ನಂಬದವರು, ಆಕಾಶ ನೋಡಿ ನಕ್ಕವರು, ಇದನ್ನು ನಂಬಿದರು. ಅಷ್ಟರಲ್ಲಿ ತರಕಾರಿ ಚೀಲ ಹಿಡಿದು ಬಂದ ದೊಡ್ಡ ಮಿಸ್ಸು ಕ್ಷೌರಿಕನ ಫೋನು ಕಸಿದುಕೊಂಡು ಓದಿ, ಒಂದೇ ಒಂದು ಕೂಗು ಹಾಕಿದರು. "ಇನ್ನೂ ನಿಂತಿದೀರಾ? ಸಾಲಾಗಿ ನಡೀರಿ! ಚಿಕ್ಕವರ ಕೈ ಹಿಡ್ಕೊಳ್ಳಿ! ಹಿಂದೆ ತಿರುಗಿ ನೋಡಿದವರಿಗೆ ನನ್ನ ಕೈಲಿ ಇದೆ!" ಮೊಮ್ಮಕ್ಕಳನ್ನು ಕಂಡ ಗಂಡಸರು ಕೂಡ ಕಿವಿ ಮುಟ್ಟಿಕೊಂಡು ಸಾಲಿಗೆ ಬಂದರು. ಬಸ್ಸು ಹಿಮ್ಮುಖವಾಗಿಯೇ ದಿಬ್ಬ ಹತ್ತಿತು.

ಎಲ್ಲರೂ ಹತ್ತುತ್ತಿದ್ದಾಗ ಚಾರ್ಜರಣ್ಣ ಮಾತ್ರ ಥಟ್ಟನೆ ನಿಂತ. "ಇಸ್ತ್ರಿ ಅಜ್ಜ!"

ಇಸ್ತ್ರಿ ಅಜ್ಜ ಕಾಲುವೆಯ ಅಂಚಿನ ಕೋಣೆಯಲ್ಲಿ ಒಬ್ಬನೇ ಇದ್ದು ಬಟ್ಟೆಗೆ ಇಸ್ತ್ರಿ ಹಾಕುವವನು. ಅವನ ಫೋನಿಗೆ ರೀಚಾರ್ಜು ಮಾಡಿಸಿ ಎಷ್ಟೋ ಕಾಲವಾಗಿತ್ತು. ಕರೆ ಹೋಗುತ್ತಿರಲಿಲ್ಲ, ಬರುತ್ತಿರಲಿಲ್ಲ. ಗಂಟೆ ನೋಡಲು ಮಾತ್ರ ಇಟ್ಟುಕೊಂಡಿದ್ದ.

"ಅವರಿಗೆ ಮೆಸೇಜು ಹೋಗಿರಲ್ಲ!" ಎಂದು ಕೂಗಿ ಚಾರ್ಜರಣ್ಣ ಕೆಳಕ್ಕೆ ಓಡಿದ. "ರೀ, ಬನ್ರೀ!" ಎಂದು ಹೆಂಡತಿ ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಅವನ ಹಿಂದೆಯೇ ಹೊರಟ ಅವಳನ್ನು ಮಿಸ್ಸು ಎರಡೂ ಕೈಯಲ್ಲಿ ಹಿಡಿದುಕೊಂಡರು.

ನಾವು ಮೈದಾನದ ಅಂಚಿನಲ್ಲಿ ನಿಂತು ನೋಡಿದೆವು. ಮೊದಲು ಕಾಣಿಸಲಿಲ್ಲ, ಕೇಳಿಸಿತು. ದೂರದಲ್ಲಿ ಭಾರದ ಲಾರಿಗಳು ಸಾಲಾಗಿ ಬರುತ್ತಿರುವಂಥ ಗುಡುಗುಡು. ಆಮೇಲೆ ಕಾಲುವೆಯ ತಿರುವಿನಲ್ಲಿ ಕೆಂಪನೆಯ ನೀರು ಕಾಣಿಸಿತು. ಮರದ ದಿಮ್ಮಿಗಳನ್ನು, ತಗಡುಗಳನ್ನು, ಯಾರದೋ ಬಾಗಿಲನ್ನು ತಲೆಯ ಮೇಲೆ ಹೊತ್ತು, ಆತುರವೇ ಇಲ್ಲದಂತೆ ಬಂತು. ಮೇಲೆ ನಿರ್ಮಲವಾದ ನೀಲಿ ಆಕಾಶ. ಅದರ ಕೆಳಗೆ ನೀರು ನಮ್ಮ ಬೀದಿಗೆ ತಿರುಗಿ, ಪರಿಚಯದವರಂತೆ ಒಂದೊಂದೇ ಅಂಗಡಿಯ ಒಳಗೆ ಹೊಕ್ಕಿತು.

ಆ ನೀರಿನ ಮುಂದೆ ಚಾರ್ಜರಣ್ಣ ಓಡಿಬರುತ್ತಿದ್ದ. ನೀರು ಅವನ ಹಿಮ್ಮಡಿಗೆ ಬಂತು, ಮೊಣಕಾಲಿಗೆ ಬಂತು. ಅವನು ಬಿದ್ದ, ಎದ್ದ, ವಿದ್ಯುತ್ ಕಂಬ ತಬ್ಬಿಕೊಂಡ. ಕ್ಷೌರಿಕ ಮತ್ತು ಬಸ್ಸಿನ ಡ್ರೈವರು ಹಗ್ಗ ಎಸೆದು ಎಳೆದುಕೊಂಡರು. ಮೇಲೆ ಬಂದವನೇ ನೆಲದ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತ.

"ಅಜ್ಜ ಇಲ್ಲ. ಬಾಗಿಲು ತೆಗೆದೇ ಇತ್ತು. ಕೂಗಿದೆ, ಕೂಗಿದೆ... ಅಜ್ಜ ಹೋಗಿಬಿಟ್ರು."

"ಎಲ್ಲಿಗೆ ಹೋದೆ ನಾನು?" ಎಂಬ ದನಿ ಕೇಳಿಸಿತು.

ಟ್ಯಾಂಕಿನ ನೆರಳಲ್ಲಿ, ಇಸ್ತ್ರಿ ಮಾಡಿದ ಬಟ್ಟೆಯ ಗಂಟಿಗೆ ಒರಗಿಕೊಂಡು, ಇಸ್ತ್ರಿ ಅಜ್ಜ ಕಾಲು ಚಾಚಿ ಕೂತಿದ್ದ. ನಮಗಿಂತ ಎಷ್ಟೋ ಮೊದಲೇ ಬಂದು ಒಂದು ಸಣ್ಣ ನಿದ್ದೆಯನ್ನೂ ಮುಗಿಸಿದ್ದ.

"ನೀವು ಹ್ಯಾಗೆ ಬಂದ್ರಿ ಅಜ್ಜ? ನಿಮ್ಮ ಫೋನು..."

"ಅದೇ ಕೂಗ್ತು. ವರ್ಷಗಟ್ಲೆ ಬಾಯಿ ಮುಚ್ಕೊಂಡಿದ್ದ ಫೋನು. ಅದೇ ಬಾಯಿ ಬಿಟ್ಟು ಹೋಗು ಅಂದ್ರೆ ಏನೋ ಇರ್ಬೇಕು ಅಂದ್ಕೊಂಡೆ. ಮೇಲಕ್ಕೆ ಹೋಗು ಅಂತು, ಬಂದೆ. ನೀವೆಲ್ಲ ಯಾಕೆ ಇಷ್ಟು ತಡ?"

ಚಾರ್ಜರಣ್ಣ ಅಜ್ಜನ ಆ ಬಣ್ಣಗೆಟ್ಟ ಫೋನನ್ನು ಕೈಗೆ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ, ಅಲ್ಲಿ ಮೂಡಿದ್ದ ಅವೇ ಮಾತುಗಳನ್ನು ಅಕ್ಷರ ಅಕ್ಷರ ಓದಿದ.

ಸಂಜೆಯ ಹೊತ್ತಿಗೆ ಇಲಾಖೆಯ ಜೀಪು ಮೇಲಿನ ದಾರಿಯಿಂದ ಬಂತು. ಅದೇ ಅಧಿಕಾರಿ ಇಳಿದರು. ನೆತ್ತಿಯವರೆಗೆ ಕೆಸರು ಮೆತ್ತಿಕೊಂಡಿದ್ದ ಚಾರ್ಜರಣ್ಣ ಎದ್ದು ಹೋಗಿ ಅವರ ಮುಂದೆ ನಿಂತ.

"ಸಾರ್, ರೀಚಾರ್ಜ್ ಇಲ್ಲದ ಫೋನಿಗೆ ಹ್ಯಾಗೆ ಬಂತು?"

"ಇದು ಕರೆ ಅಲ್ಲಪ್ಪ. ಟವರ್ ಕೂಗುತ್ತೆ, ಅದರ ಸುತ್ತ ಎಚ್ಚರವಾಗಿರೋ ಫೋನೆಲ್ಲ ಕೇಳಿಸ್ಕೊಳ್ಳುತ್ತೆ. ನಂಬರ್ ಬೇಡ, ಹೆಸರು ಬೇಡ, ಯಾರದು ಅಂತಲೂ ಬೇಡ. ಆ ಜಾಗದಲ್ಲಿ ಒಂದು ಜೀವ ಇದ್ರೆ ಸಾಕು."

"ಹೆಸರೂ ಬೇಡ" ಎಂದು ಚಾರ್ಜರಣ್ಣ ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ಕೇಳಿದ, "ಒತ್ತಿದ್ದು ಯಾರು ಸಾರ್?"

"ನಮ್ಮ ಕಚೇರೀಲಿ ಒಬ್ಬ ಹೆಣ್ಣುಮಗಳು ಇದಾಳೆ. ಬಹಳ ದೂರ ಇಲ್ಲಿಂದ. ಈ ಕಡೆಗೆ ಬಂದೇ ಇಲ್ಲ."

"ಅವರ ಹತ್ರ ಮಾತಾಡ್ಬಹುದಾ?"

ಅಧಿಕಾರಿ ತಮ್ಮ ಫೋನಿನಿಂದ ಕರೆ ಮಾಡಿ, ಸ್ಪೀಕರು ಹಾಕಿ ಮುಂದೆ ಹಿಡಿದರು. ಬೀದಿಯ ಜನವೆಲ್ಲ ಸುತ್ತ ನೆರೆಯಿತು. ಬೆಳಗಿನಿಂದ ಮಾತಾಡಿ ಮಾತಾಡಿ ಗಂಟಲು ಬತ್ತಿದ ಹೆಣ್ಣುದನಿ ಕೇಳಿಸಿತು.

"ಹೇಳಿ ಸಾರ್. ಅಲ್ಲಿ ಹ್ಯಾಗಿದೆ? ಜನ ಮೇಲಕ್ಕೆ ಬಂದ್ರಾ?"

ಅಧಿಕಾರಿ ಫೋನನ್ನು ಚಾರ್ಜರಣ್ಣನ ಕಡೆ ಚಾಚಿದರು. ಅವನು ಬಾಯಿ ತೆರೆದ. ಹೆಂಡತಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಬಂದ್ವಿ" ಎಂದ.

ಅವನು ಹೇಳಿದ್ದೇ ತಡ, ಕ್ಷೌರಿಕ, ಮನೆಯೊಡೆಯ, ಮಿಸ್ಸು, ಅಜ್ಜ, ಬಸ್ಸಿನವರು, ಮಕ್ಕಳು, ಮೈದಾನದ ಆ ಮೂಲೆಯಲ್ಲಿದ್ದವರು, ನಾನೂ ಸೇರಿ, ಅಂಗೈಯಗಲದ ಆ ಒಂದು ಫೋನಿಗೆ ಎಲ್ಲರೂ ಒಟ್ಟಿಗೆ ಕೂಗಿದೆವು.

"ಬಂದ್ವೀ!"

ಆ ಕಡೆ ಸದ್ದೇ ಇಲ್ಲ. ಕರೆ ಕಡಿದುಹೋಯಿತೇನೋ ಎಂದು ಅಧಿಕಾರಿ ಬಗ್ಗಿ ನೋಡಿದರು. ಕಡಿದಿರಲಿಲ್ಲ. ಯಾರೋ ಮೂಗು ಒರೆಸಿಕೊಂಡ ಸದ್ದು ಬಂತು.

"ಸರಿಯಾಗಿ ಕೇಳಿಸ್ಲಿಲ್ಲ" ಎಂದಿತು ಆ ದನಿ. "ಇನ್ನೊಂದ್ಸಲ ಹೇಳಿ."